ಅಕ್ಷರ ಮತ್ತು ಉಚ್ಚಾರಾಂಶ: ಶಿಕಾರಿಪುರ–ಸೊರಬ ಸ್ಥಳನಾಮಗಳ ಹಿನ್ನೆಲೆಯಲ್ಲಿ ಒಂದು ತೌಲನಿಕ ಟಿಪ್ಪಣಿ

ಕನ್ನಡ ಛಂದಸ್ಸಿನ ಬೋಧನೆಯಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನು ಹೇಳಲಾಗುತ್ತದೆ. ಅದರ ಕಾರಣವನ್ನು ವಿವರಿಸುವುದು ವಿರಳ. ಬರೆಹದ ಘಟಕವಾದ ಅಕ್ಷರವೂ ಮಾತಿನ ಘಟಕವಾದ ಉಚ್ಚಾರಾಂಶವೂ ಒಂದೇ ಎಂಬ ಗ್ರಹಿಕೆಯೇ ಇದಕ್ಕೆ ಮೂಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ಸ್ಥಳನಾಮಗಳನ್ನು ಫ್ರೆಂಚ್ ಪದಗಳ ವಿಭಜನೆಯೊಡನೆ ಹೋಲಿಸಿ ಈ ಭೇದವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಎರಡು ಸ್ವರಗಳ ನಡುವಣ ಒಂಟಿ ವ್ಯಂಜನವು ಮುಂದಿನ ಸ್ವರವನ್ನು ಸೇರುವುದು ಎರಡೂ ಭಾಷೆಗಳಿಗೆ ಸಮಾನ: ಸೊ-ರ-ಬ, ಶಿ-ಕಾ-ರಿ-ಪು-ರ, ಫ್ರೆಂಚರ ರಾಜಧಾನಿಯ ಹೆಸರು ಅವರ ಬಾಯಲ್ಲಿ ಪಾ-ರಿ. ಇಂತಹ ಕನ್ನಡ ಪದಗಳಲ್ಲಿ ಅಕ್ಷರವೂ ಉಚ್ಚಾರಾಂಶವೂ ಹೊಂದಿಕೊಳ್ಳುತ್ತವೆ. ದ್ವಿತ್ವ ಬಂದಾಗ ಹೊಂದಿಕೆ ತಪ್ಪುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಬರೆಹದಲ್ಲಿ ಬ-ಳ್ಳಿ-ಗಾ-ವಿ, ಉಚ್ಚಾರಣೆಯಲ್ಲಿ ಬಳ್-ಳಿ-ಗಾ-ವಿ. 'ಬ' ಹ್ರಸ್ವವಾದರೂ 'ಳ್' ಅದನ್ನು ಮುಚ್ಚುವುದರಿಂದ ಗುರುವಾಗುತ್ತದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ 'ಗು' ಗುರುವಾಗುವುದೂ ಹೀಗೆಯೇ.

ಫ್ರೆಂಚಿನಲ್ಲಿಯೂ ವ್ಯಂಜನಗಳೆರಡು ಸಾಮಾನ್ಯವಾಗಿ ಒಡೆಯುತ್ತವೆ: ವಂದನಾರ್ಥಕ ಪದ ಮೆರ್-ಸಿ. ಆದರೆ ಸ್ಪರ್ಶದ ಮುಂದೆ ರಕಾರ ಬಂದರೆ ಒಡೆಯುವುದಿಲ್ಲ. ತಾಯ್ನಾಡು ಎಂಬರ್ಥದ ಪದ ಪ-ತ್ರಿ. ಕನ್ನಡ ಪದ್ಯದ 'ಪತ್ರ'ದಲ್ಲಿ 'ಪ' ಗುರು. ಅಲ್ಲಿನ ವಿಭಜನೆ ಪತ್-ರ. ಕನ್ನಡದ ಅಪವಾದ ಬೇರೆಡೆ ಇದೆ. 'ಕುಳಿರ್ಗಾಳಿ'ಯಂತಹ ಪದಗಳಲ್ಲಿ ರೇಫೆ ತೇಲಿಸಿ ಉಚ್ಚರಿಸಲ್ಪಡುವುದರಿಂದ ಹಿಂದಿನ 'ಳಿ' ಲಘುವಾಗಿಯೇ ಉಳಿಯುತ್ತದೆ. 13ನೆಯ ಶತಮಾನದ ಕೇಶಿರಾಜನು ನಿರೂಪಿಸಿದ ಈ ಶಿಥಿಲದ್ವಿತ್ವವು ಗುರುತ್ವಕ್ಕೆ ಲಿಪಿಯಲ್ಲ, ಉಚ್ಚಾರಣೆಯೇ ಆಧಾರವೆಂಬುದಕ್ಕೆ ಸಾಕ್ಷಿ.

ಪದಾಂತ್ಯದಲ್ಲಿ ಎರಡು ಭಾಷೆಗಳ ದಾರಿ ಬೇರೆ. ಫ್ರೆಂಚ್ ಬರೆಹದಲ್ಲಿರುವ ಅಂತ್ಯವ್ಯಂಜನ ಹಲವೆಡೆ ಮೌನವಾಗಿದ್ದು, ಮುಂದೆ ಸ್ವರಾದಿ ಪದ ಬಂದಾಗ ಕೇಳಿಸಬಹುದು: 'ಲೆ' ಎಂಬ ಬಹುವಚನದ ಉಪಪದವೂ ಸ್ನೇಹಿತರು ಎಂಬರ್ಥದ 'ಅಮಿ'ಯೂ ಕೂಡಿ ಲೆ-ಝ-ಮಿ ಆಗುತ್ತದೆ. ಕನ್ನಡ ವ್ಯಂಜನಾಂತ್ಯಕ್ಕೆ ಸ್ವರವನ್ನು ಸೇರಿಸುತ್ತದೆ; 'ಬಸ್' ಎಂಬುದು 'ಬಸ್ಸು' ಆಗುತ್ತದೆ.

ಈ ಸ್ವರಾಂತ್ಯ ಪ್ರವೃತ್ತಿಯನ್ನು ರೋಮನ್ ಲಿಪಿಯ ದಾಖಲೆಗಳು ಮರೆಮಾಡಿವೆ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೆಯ (1902) ಮತ್ತು 8ನೆಯ (1904) ಸಂಪುಟಗಳಲ್ಲಿ ಈ ತಾಲ್ಲೂಕುಗಳು ಶಿಕಾರ್‌ಪುರ್, ಸೊರಬ್ ಎಂದಾಗಿವೆ. ಐದು ಉಚ್ಚಾರಾಂಶಗಳು ಮೂರಕ್ಕೆ, ಮೂರು ಎರಡಕ್ಕೆ ಇಳಿದಿವೆ. ಸ್ಥಳನಾಮಗಳನ್ನು ಇಂತಹ ರೂಪಗಳಿಂದಲೇ ವಿವೇಚಿಸಿದರೆ ನಿಷ್ಪತ್ತಿಯೂ ದಾರಿ ತಪ್ಪುವ ಸಂಭವವುಂಟು.

ಒಟ್ಟಿನಲ್ಲಿ, ಪ್ರಸ್ತಾರ ಹಾಕುವ ಮುನ್ನ ಪದವನ್ನು ಉಚ್ಚರಿಸಿ ಒಡೆಯುವ ಅಭ್ಯಾಸ ತರಗತಿಯಲ್ಲಿ ಬೆಳೆಯಬೇಕು. ಆಗ ಗುರು-ಲಘು ನಿಯಮವು ಕಂಠಪಾಠದ ವಿಷಯವಾಗದೆ ಕಿವಿಗೆ ಗೋಚರವಾಗುವ ಸಂಗತಿಯಾಗುತ್ತದೆ.