ಕಲ್ಲು ತಿಂದು ಹುಳಿ ಕಾರುವ ಜೀವಿಗಳು

"ಅಣ್ಣಾ, ಹಳೇ ಗಣಿ ತಗ್ಗಿನ ಬಾಜೂ ಕಲ್ಲುಪುಡಿ ದಿಬ್ಬ ಬಿದ್ದದ. ಪುಕ್ಕಟೆ ಸಿಗ್ತದ. ಟ್ರ್ಯಾಕ್ಟರಿಗೆ ತುಂಬಿ ತಂದು ಹೊಲದ ತಗ್ಗಿಗೆ ಹಾಕಿದರೆ ಹೆಂಗ?" ಅಂತ ಪಕ್ಕದ ಹೊಲದ ತಮ್ಮ ಕೇಳಿದ. ಒಂದು ಹಿಡಿ ಪುಡಿ ತಂದಿದ್ದ. ಅದರಾಗ ಹಿತ್ತಾಳಿ ಬಣ್ಣದ ಹರಳು ಮಿರಿಮಿರಿ ಹೊಳೀತಿದ್ದವು. ದಿಬ್ಬದ ಬುಡಕ್ಕೆ ಮಳೆನೀರು ಹರಿದಲ್ಲಿ ಅರಿಷಿಣ-ಕೆಂಪು ಕಲೆ ಅದ, ಅಲ್ಲಿ ಹುಲ್ಲು ಹುಟ್ಟಿಲ್ಲ ಅಂತನೂ ಹೇಳಿದ. ನಾನು "ಬ್ಯಾಡ" ಅಂದೆ. ಯಾಕೆ ಬ್ಯಾಡ ಅನ್ನೋದನ್ನು ಓದಿ, ಕೇಳಿ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಕಲ್ಲೇ ಅನ್ನ

ಆ ಹೊಳೆಯುವ ಹರಳಿಗೆ ಪೈರೈಟ್ ಅಂತ ಹೆಸರು. ಕಬ್ಬಿಣ ಮತ್ತು ಗಂಧಕ ಕೂಡಿ ಆದದ್ದು. ಬಂಗಾರ, ತಾಮ್ರ, ಕಲ್ಲಿದ್ದಲು ಇರುವ ಬಹಳ ಕಡೆ ಇದು ಜೊತೆಗಿರುತ್ತದೆ. ಭೂಮಿಯೊಳಗೆ ಗಾಳಿ ತಾಗದೆ ಇದ್ದಷ್ಟು ದಿನ ಸುಮ್ಮನಿರುತ್ತದೆ. ಅಗೆದು, ಒಡೆದು ಹೊರಗೆ ಹಾಕಿದ ಮೇಲೆ ಗಾಳಿ-ನೀರು ತಾಗಿ ಗಂಧಕಾಮ್ಲ ಆಗುತ್ತದೆ. ಬ್ಯಾಟರಿಗೆ ಹಾಕುತ್ತಾರಲ್ಲ, ಅದೇ ಆಮ್ಲ.

ಇದು ಬರೀ ಗಾಳಿ-ನೀರಿನ ಕೆಲಸ ಅಂತ ಮೊದಲು ತಿಳಿದಿದ್ದರು. 1947ರಲ್ಲಿ ಅಮೆರಿಕದ ಕೋಲ್ಮರ್ ಮತ್ತು ಹಿಂಕಲ್ ಎಂಬಿಬ್ಬರು ಕಲ್ಲಿದ್ದಲು ಗಣಿಯ ಹುಳಿ ನೀರಿನೊಳಗೆ ಜೀವಿಗಳು ಇರುವುದನ್ನು ತೋರಿಸಿದರು. ಕಣ್ಣಿಗೆ ಕಾಣದ ಆ ಬ್ಯಾಕ್ಟೀರಿಯಾಕ್ಕೆ ಥಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ಅಂತ ಹೆಸರಾಯಿತು. 2000ದಿಂದ ಅಸಿಡಿಥಯೋಬ್ಯಾಸಿಲಸ್ ಅನ್ನುತ್ತಾರೆ.

ಇದಕ್ಕೆ ಗೊಬ್ಬರ ಬೇಡ, ಬಿಸಿಲೂ ಬೇಡ. ಕಬ್ಬಿಣ, ಗಂಧಕದಿಂದ ಶಕ್ತಿ ಪಡೆದು, ಗಾಳಿಯ ಇಂಗಾಲದಿಂದ ಮೈ ಕಟ್ಟಿಕೊಳ್ಳುತ್ತದೆ. ಹುಳಿ ನೀರಿನೊಳಗೆ ಕಬ್ಬಿಣಕ್ಕೆ ತುಕ್ಕು ಹಿಡಿಯೋದು ಬಹಳ ನಿಧಾನ. ಈ ಜೀವಿ ಸೇರಿದರೆ ಆ ಕೆಲಸ ಹತ್ತು ಲಕ್ಷ ಪಟ್ಟಿನವರೆಗೂ ಬೇಗ ಆಗುತ್ತದೆ. ಹಂಗಾದ ಕಬ್ಬಿಣ ತಿರುಗಿ ಹೊಸ ಕಲ್ಲನ್ನು ಕೊರೆಯುತ್ತದೆ. ಮತ್ತೆ ಹುಳಿ, ಮತ್ತೆ ಕಬ್ಬಿಣ. ಗಾಲಿ ಒಮ್ಮೆ ತಿರುಗಲಿಕ್ಕೆ ಹತ್ತಿದರೆ ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ನಿಲ್ಲುವುದಿಲ್ಲ.

ಹುಳಿ ನೀರಿನ ಆಯಗಾರರು

ಊರಾಗ ಬಡಿಗ, ಕಮ್ಮಾರ, ಕುಂಬಾರ ಇದ್ದಂಗ ಅಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಲೆಪ್ಟೊಸ್ಪಿರಿಲಮ್ ಬರೀ ಕಬ್ಬಿಣ ನೋಡಿಕೊಳ್ಳುತ್ತದೆ. ಥಯೋಆಕ್ಸಿಡಾನ್ಸ್ ಬರೀ ಗಂಧಕ. ಫೆರೊಆಕ್ಸಿಡಾನ್ಸ್ ಎರಡೂ ಮಾಡುತ್ತದೆ. ಇವು ಬಿಟ್ಟ ಕಸ ಕೂಡಿಬಿದ್ದರೆ ಇವಕ್ಕೇ ವಿಷ. ಅಸಿಡಿಫಿಲಿಯಮ್ ಎಂಬುದು ಅದನ್ನು ತಿಂದು ಜಾಗ ಹಸನು ಮಾಡುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಾಗ ಐರನ್ ಮೌಂಟನ್ ಎಂಬ ಹಳೇ ಗಣಿ ಅದ. ನಮ್ಮ ಮಣ್ಣು ಪರೀಕ್ಷೆ ಚೀಟಿಯಲ್ಲಿ ಪಿಎಚ್ ಅಂತ ಇರುತ್ತದಲ್ಲ, 7 ಇದ್ದರೆ ಸಪ್ಪೆ, ಒಂದೊಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಲಿಂಬಿ ರಸ ಸುಮಾರು 2. ಆ ಗಣಿಯೊಳಗೆ ಸೊನ್ನೆಗಿಂತ ಕೆಳಗೆ, ಮೈನಸ್ 3.6 ಸಿಕ್ಕಿತು. ಆ ಗಣಿಯ ಹುಳಿ ನೀರಿನ ಮ್ಯಾಲೂ ಜೀವಿಗಳು ಕೆನೆಯಂಗ ಪದರು ಕಟ್ಟಿ ಬದುಕುತ್ತವೆ. 2004ರಲ್ಲಿ ಅಂಥ ಪದರನ್ನು ಹಾಗೇ ತಂದು ವಂಶವಾಹಿ ಓದಿದಾಗ, ನಾಲ್ಕೈದು ಜಾತಿಗಳೇ ಹೆಚ್ಚಾಗಿ ಕೂಡಿ ಸಂಸಾರ ನಡೆಸಿದ್ದು ಕಂಡಿತು.

ನೊಗಕ್ಕೆ ಹೂಡಿದರೆ ಎತ್ತು

ಇದೇ ಜೀವಿಯನ್ನು ದುಡಿಸಿಕೊಳ್ಳಲಿಕ್ಕೂ ಬರುತ್ತದೆ. ಕೆಲವು ಅದಿರಿನ ಬಂಗಾರ ಗಂಧಕದ ಕಲ್ಲಿನ ಒಳಗೆ ಸಿಕ್ಕಿಕೊಂಡಿರುತ್ತದೆ, ಸಯನೈಡ್ ಅಲ್ಲಿಗೆ ಮುಟ್ಟುವುದಿಲ್ಲ. ಈ ಜೀವಿಗಳನ್ನು ಬಿಟ್ಟರೆ ಕಲ್ಲು ತಿಂದು ದಾರಿ ಮಾಡಿಕೊಡುತ್ತವೆ. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ಹೀಗೆ ಮಾಡಿದರು. ನಮ್ಮ ಜಿಲ್ಲೆಯ ಹಟ್ಟಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಮತ್ತವರ ಜೊತೆಯವರು ಗಣಿ ಕಂಪನಿಯೊಂದಿಗೆ ಸೇರಿ, ಚಿತ್ರದುರ್ಗ ಕಡೆಯ ಜಿ.ಆರ್. ಹಳ್ಳಿ ಅದಿರಿಗೆ ಇದರ ಪ್ರಾತ್ಯಕ್ಷಿಕೆ ಘಟಕ ಕಟ್ಟಿದ್ದರು. ತೊಟ್ಟಿಯೊಳಗೆ ಗಾಳಿ, ಬಿಸಿ, ಹುಳಿ ಎಲ್ಲ ಹಿಡಿತದಲ್ಲಿರುತ್ತದೆ. ಅಲ್ಲಿ ಅದು ನೊಗದ ಎತ್ತು. ಬಯಲು ದಿಬ್ಬದ ಮೇಲೆ ಬಿಟ್ಟ ಗೂಳಿ.

ನಮ್ಮ ಹೊಲದಾಗ

ಇವರ ಬಳಗ ನಮ್ಮ ಮಣ್ಣಿನಲ್ಲೂ ಅದ. ಗಂಧಕ ತಿನ್ನುವ ಥಯೋಆಕ್ಸಿಡಾನ್ಸ್ ಸಿಕ್ಕಿದ್ದೇ ಮಣ್ಣಿನೊಳಗೆ. 1922ರಲ್ಲಿ ವ್ಯಾಕ್ಸ್‌ಮನ್ ಮತ್ತು ಜೋಫ್ ಅದನ್ನು ಬೇರ್ಪಡಿಸಿದರು.

ನಾನು ಒಮ್ಮೆ ಸವಳು ಹತ್ತಿದ ಎರಿ ತುಂಡಿಗೆ ಬ್ಯಾಸಿಗಿಯಾಗ ಗಂಧಕದ ಪುಡಿ ಚೆಲ್ಲಿದೆ. ಮಳೆ ಬರುವ ತನಕ ಹಳದಿ ಪುಡಿ ಹಳದಿಯಾಗೇ ಬಿದ್ದಿತ್ತು. ಅಂಗಡಿಯವನು ಮೋಸ ಮಾಡಿದ ಅಂತ ಬೈದೆ. ತಪ್ಪು ನನ್ನದು. ಕೆಲಸ ಮಾಡೋದು ಚೀಲವಲ್ಲ, ಜೀವಿ. ಅದಕ್ಕೆ ಹಸಿ ಬೇಕು, ಗಾಳಿ ಬೇಕು, ಪುಡಿ ಮಣ್ಣಿನಾಗ ಬೆರೀಬೇಕು.

ಒಂದು ಲೆಕ್ಕ ನೋಡಿರಿ. 1 ಕಿಲೋ ಗಂಧಕದಿಂದ ಸುಮಾರು 3 ಕಿಲೋ ಗಂಧಕಾಮ್ಲ ಆಗುತ್ತದೆ, ಅದು ಸುಮಾರು 3 ಕಿಲೋ ಸುಣ್ಣಗಲ್ಲನ್ನು ಕರಗಿಸುತ್ತದೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್. ಅದರಲ್ಲಿ ನೂರಕ್ಕೆ ಒಂದು ಪಾಲು ಸುಣ್ಣ ಇದ್ದರೂ 9 ಟನ್ ಆಯಿತು. ಅಷ್ಟೂ ಕರಗಿಸಲಿಕ್ಕೆ 3 ಟನ್ ಗಂಧಕ ಬೇಕು. ಆದ್ದರಿಂದ ಒಂದೆರಡು ಚೀಲದಿಂದ ಎರಿ ಹೊಲದ ಪಿಎಚ್ ಇಳಿಯುತ್ತದೆ ಅಂತ ಆಸೆ ಇಡಬೇಡಿರಿ. ಆದರೆ ಆಮ್ಲ ಮತ್ತು ಸುಣ್ಣ ಕೂಡಿ ಹೊಲದಾಗೇ ಜಿಪ್ಸಂ ಆಗುತ್ತದೆ. ಅದು ಸವಳನ್ನು ಬಿಡಿಸಲಿಕ್ಕೆ ನೆರವಾಗುತ್ತದೆ, ಶೇಂಗಾಕ್ಕೆ ಗಂಧಕವೂ ಸಿಗುತ್ತದೆ.

ಹಂಗಾದರೆ ಗಣಿ ಪುಡಿ ಯಾಕ ಬ್ಯಾಡ?

ತಮ್ಮನೂ ಇದೇ ಕೇಳಿದ: "ನಮ್ಮ ಮಣ್ಣಿನ ಸುಣ್ಣ ಹುಳಿ ತಿಂದು ಹಾಕ್ತದಲ್ಲ?" ಹೌದು, ಹುಳಿ ಹೋಗಬಹುದು. ಆದರೆ ಗಂಧಕದ ಕಲ್ಲಿನ ಜೊತೆ ಆರ್ಸೆನಿಕ್ ಎಂಬ ಪಾಷಾಣ, ಸೀಸ ಇರಬಹುದು. ಜೀವಿಗಳು ಕಲ್ಲು ಒಡೆದಾಗ ಅವೂ ಹೊರಬೀಳುತ್ತವೆ. ಸುಣ್ಣದಿಂದ ಅವು ಮಾಯವಾಗುವುದಿಲ್ಲ. ಹೊಲದಾಗ ಉಳೀತಾವ, ಬಾವಿಗೂ ಇಳಿಯಬಹುದು. ಒಮ್ಮೆ ಹರವಿದ ಪುಡಿಯನ್ನು ತಿರುಗಿ ಆರಿಸಲಿಕ್ಕೆ ಬರುವುದಿಲ್ಲ.

ಈ ಜೀವಿಗಳಿಗೆ ಮೂರು ಬೇಕು: ಕಲ್ಲು, ಗಾಳಿ, ನೀರು. ಒಂದು ತಪ್ಪಿಸಿದರೂ ಗಾಲಿ ನಿಧಾನವಾಗುತ್ತದೆ. ಅದಕ್ಕೇ ದಿಬ್ಬಕ್ಕೆ ಜಿಗಟು ಮಣ್ಣು ಮುಚ್ಚಿ ಮಳೆನೀರು ತಿರುಗಿಸುತ್ತಾರೆ. ಹರಿದು ಬಂದ ಹುಳಿ ನೀರಿಗೆ ಹಲವು ದೇಶಗಳಲ್ಲಿ ಸುಣ್ಣಗಲ್ಲು, ಹೊಟ್ಟು, ತಿಪ್ಪಿಗೊಬ್ಬರ ತುಂಬಿದ ಹೊಂಡ ಮಾಡುತ್ತಾರೆ. ಗಾಳಿ ಇಲ್ಲದ ಆ ಗೊಬ್ಬರದಾಗ ಬೇರೆ ಜಾತಿಯ ಜೀವಿಗಳು ಉಲ್ಟಾ ಕೆಲಸ ಮಾಡಿ, ಹುಳಿ ಇಳಿಸಿ, ಲೋಹವನ್ನು ಮತ್ತೆ ಗಂಧಕಕ್ಕೆ ಕಟ್ಟಿಹಾಕುತ್ತವೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಅವು ದುಡೀತಿದಾವ ಅಂತ ತಿಳೀಬೇಕು.

ನಮ್ಮಂಥವರು ಮಾಡೋದು ಇಷ್ಟು: ಹೊಳೆಯೋ ಹರಳು, ಅರಿಷಿಣ-ಕೆಂಪು ಕಲೆ, ಹುಲ್ಲಿಲ್ಲದ ಹರಿ ಕಂಡರೆ ಅಲ್ಲಿಯ ಮಣ್ಣು ಮುಟ್ಟಬೇಡಿರಿ, ದನಕ್ಕೆ ಆ ನೀರು ಕುಡಿಸಬೇಡಿರಿ. ಶಾಲೆಯ ಲಿಟ್ಮಸ್ ಕಾಗದ ಅದ್ದಿ ನೋಡಿರಿ. ನೀಲಿ ಕೆಂಪಾದರೆ ಹುಳಿ. ಕೆಂಪಾಗದಿದ್ದರೂ ಲೋಹದ ಪರೀಕ್ಷೆ ಮಾಡಿಸದೆ ನಂಬಬೇಡಿರಿ.

ತಮ್ಮ ಟ್ರ್ಯಾಕ್ಟರು ತಿರುಗಿಸಿದ. ಆ ತಗ್ಗಿಗೆ ಕೆರಿ ಹೂಳು ಹೊಡೆಸಿದ.