ಸ್ವಂತ ವಾಕಿಟಾಕಿ ಕೆಲಸಕ್ಕೆ ಒಯ್ಯಬೇಕೇ?

ಪ್ರಶ್ನೆ: ನಾನು ರೋಣ ತಾಲ್ಲೂಕಿನ ಮೆಣಸಗಿಯವನು, ವಯಸ್ಸು 26. ಐಟಿಐ ಮುಗಿಸಿ ಗಜೇಂದ್ರಗಡ ಕಡೆಯ ಗಾಳಿಯಂತ್ರಗಳ ದುರಸ್ತಿ ಕೆಲಸಕ್ಕೆ ಗುತ್ತಿಗೆದಾರರೊಬ್ಬರ ಬಳಿ ಸೇರಿದ್ದೇನೆ. ಹಗಲು ಪಾಳಿಗೆ ನಾನು, ರಾತ್ರಿ ಪಾಳಿಗೆ ನನಗಿಂತ ಹಿರಿಯರೊಬ್ಬರು. ಇಬ್ಬರಿಗೂ ಒಂದೇ ಕ್ಯಾಂಪರ್ ಗಾಡಿ. ಕಂಪನಿ ಕೊಟ್ಟ ವಾಕಿಟಾಕಿ ಕೆಟ್ಟು ತಿಂಗಳುಗಳಾದವು. ‘ಬೇಕಾದ್ರ ನಿಮ್ದ ತಂದ್ಕೊಳ್ರಿ’ ಅಂದರು ಸೂಪರ್‌ವೈಸರ್. ಆನ್‌ಲೈನಿನಲ್ಲಿ ಒಂದು ಜೋಡಿ ತರಿಸಿ, ಗಾಡಿಯ ಬ್ಯಾಟರಿಯಿಂದಲೇ ವೈರು ಎಳೆದು ಚಾರ್ಜರ್ ಕೂಡಿಸಿದೆ. ಈಗ ರಾತ್ರಿ ಪಾಳಿಯವರೂ ನನ್ನ ಸೆಟ್ಟನ್ನೇ ಬಳಸುತ್ತಾರೆ. ಒಮ್ಮೆ ಕೆಳಗೆ ಬಿದ್ದು ಆಂಟೆನಾ ಮುರಿಯಿತು. ಕೇಳಿದ್ದಕ್ಕೆ ಮಾತು ಬಿಟ್ಟಿದ್ದಾರೆ. ಮೊನ್ನೆ ಬೆಳಿಗ್ಗೆ ಗಾಡಿ ಚಾಲೂ ಆಗಲಿಲ್ಲ. ‘ನಿನ್ನ ಚಾರ್ಜರಿನಿಂದಲೇ ಬ್ಯಾಟರಿ ಇಳಿದದ್ದು’ ಎಂದು ಎಲ್ಲರೆದುರು ಅಂದುಬಿಟ್ಟರು. ಇಂಥ ಸೆಟ್ಟು ಇಟ್ಟುಕೊಳ್ಳುವುದೇ ಅಪರಾಧ ಎಂದು ಗೆಳೆಯನೊಬ್ಬ ಬೇರೆ ಹೆದರಿಸಿದ್ದಾನೆ. ಸೆಟ್ಟು ಒಯ್ಯದಿದ್ದರೆ ಗಾಳಿಯಂತ್ರದ ಮೇಲೆ ಹತ್ತಿದ ಹುಡುಗನ ಗತಿಯೇನು? ಒಯ್ದರೆ ನನ್ನ ಗತಿಯೇನು?
— ಹೆಸರು ಬೇಡ, ಮೆಣಸಗಿ

ಉತ್ತರ: ನಿಮ್ಮ ಸಂಕಟದ ನಡುವೆಯೂ ಮೇಲೆ ಹತ್ತಿದ ಹುಡುಗನ ಚಿಂತೆಯನ್ನು ಮೊದಲು ಬರೆದಿದ್ದೀರಿ, ನಿಮ್ಮದನ್ನು ಆಮೇಲೆ. ದುರಾಸೆಗೋ ಷೋಕಿಗೋ ನೀವು ಆ ಸೆಟ್ಟು ಕೊಂಡವರಲ್ಲ. ಹಾಗೆಂದು ಒಳ್ಳೆಯ ಮನಸ್ಸಿನಿಂದ ತಂದದ್ದೆಲ್ಲ ಸುರಕ್ಷಿತ ಆಗುವುದಿಲ್ಲ. ಒಂದೊಂದಾಗಿ ನೋಡೋಣ.

ಮೊದಲು ಕಾಯ್ದೆಯ ಮಾತು. ಗೆಳೆಯ ಹೇಳಿದ್ದರಲ್ಲಿ ಸತ್ಯವಿದೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಪರವಾನಗಿ ಇಲ್ಲದ ವೈರ್‌ಲೆಸ್ ಸೆಟ್ಟನ್ನು ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ತಪ್ಪು. ಇದಕ್ಕೆ ವಿನಾಯಿತಿಯೂ ಇದೆ. 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಕಡಿಮೆ ಶಕ್ತಿಯ ವಾಕಿಟಾಕಿಗೆ ಪರವಾನಗಿ ಬೇಕಿಲ್ಲ. ಆದರೆ ಆ ಮಾದರಿಗೆ ಸರ್ಕಾರದ ಅನುಮೋದನೆ ಇರಬೇಕು. ಪೆಟ್ಟಿಗೆಯ ಮೇಲೆ ಅಥವಾ ಕೈಪಿಡಿಯಲ್ಲಿ ಫ್ರೀಕ್ವೆನ್ಸಿ ಓದಿ ನೋಡಿ. 136–174, 400–520 ಎಂಬಂಥ ಅಗಲವಾದ ಅಂಕಿ ಇದ್ದರೆ ಅದು ವಿನಾಯಿತಿಯ ಸೆಟ್ಟಲ್ಲ. ಪೊಲೀಸರು, ತುರ್ತು ಸೇವೆಯವರು ಮಾತನಾಡುವ ತರಂಗಗಳಿಗೂ ಅದು ಅಡ್ಡ ಬರಬಹುದು. ಅಂಥದಾಗಿದ್ದರೆ ಈ ಉತ್ತರ ಓದಿದ ದಿನವೇ ಬ್ಯಾಟರಿ ಬಿಚ್ಚಿ, ವಾಪಸು ಕೊಡುವವರೆಗೆ ಬಳಸದೆ ಎತ್ತಿಡಿ.

ಹಾಕಿದ ದುಡ್ಡು ಪೂರ್ತಿ ಹೋಯಿತೆಂದು ಕೊರಗಬೇಡಿ. ಇಂಥ ಸೆಟ್ಟುಗಳನ್ನು ವಿವರ ಮುಚ್ಚಿಟ್ಟು ಮಾರಿದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ 13 ನೋಟಿಸು ಕೊಟ್ಟಿತು. ಅದೇ ತಿಂಗಳ ಕೊನೆಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಯಾವ ಫ್ರೀಕ್ವೆನ್ಸಿ, ಪರವಾನಗಿ ಬೇಕೋ ಬೇಡವೋ ಎಂಬುದನ್ನು ಮಾರುವವರೇ ತಿಳಿಸಬೇಕು. ನಿಮಗೆ ತಿಳಿಸದೆ ಮಾರಿದ್ದರೆ ಸೆಟ್ಟು ಹಿಂದಕ್ಕೆ ಪಡೆದು ದುಡ್ಡು ವಾಪಸು ಕೊಡಲು ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಇನ್ನು ಬ್ಯಾಟರಿಯ ಆಪಾದನೆ. ಇದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ವಾಕಿಟಾಕಿಯ ಬ್ಯಾಟರಿ ಸಾಮಾನ್ಯವಾಗಿ 7.4 ವೋಲ್ಟಿನದು, ತುಂಬಲು 11ರಿಂದ 15 ವಾಟ್ ಅವರ್ ಸಾಕು. ಗಾಡಿಯ 12 ವೋಲ್ಟ್ ಬ್ಯಾಟರಿ 60 ಆಂಪಿಯರ್ ಅವರಿನದು ಎಂದುಕೊಂಡರೂ ಅದರಲ್ಲಿ 720 ವಾಟ್ ಅವರ್ ಇರುತ್ತದೆ. ಒಂದು ಜೋಡಿ ಸೆಟ್ಟು ಚಾರ್ಜ್ ಆದ ಮಾತ್ರಕ್ಕೆ ಗಟ್ಟಿ ಬ್ಯಾಟರಿ ಇಳಿಯುವುದಿಲ್ಲ. ಬ್ಯಾಟರಿ ಹಳೆಯದಾಗಿರಬಹುದು, ರಾತ್ರಿ ಕ್ಯಾಬಿನ್ ದೀಪ ಉರಿಯುತ್ತಿದ್ದಿರಬಹುದು, ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಕೊಡದೆ ಇರಬಹುದು. ರೋಣದಲ್ಲೋ ಗಜೇಂದ್ರಗಡದಲ್ಲೋ ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಕಾರಣವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆದರೆ ನೀವು ಎಳೆದ ಆ ವೈರನ್ನು ಮಾತ್ರ ಇವತ್ತೇ ತೆಗೆಸಿ. ಫ್ಯೂಸಿಲ್ಲದ ವೈರು ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಗಾಡಿಗೆ ಬೆಂಕಿ ಬೀಳುತ್ತದೆ. ಆ ಗಾಡಿಯಲ್ಲಿ ನಿಮ್ಮೊಂದಿಗೆ ಬೇರೆಯವರೂ ಕೂತಿರುತ್ತಾರೆ.

ಈಗ ಮುಖ್ಯ ವಿಷಯ. ನಿಮ್ಮ ಜಗಳ ಆ ಹಿರಿಯರೊಂದಿಗೆ ಎಂದು ನೀವು ತಿಳಿದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಕೆಲಸಕ್ಕೆ ಬೇಕಾದ ಸಾಧನವನ್ನು ಕೊಡಬೇಕಾದವರು ಕೊಡಲಿಲ್ಲ. ಆ ಕೊರತೆಯನ್ನು ನೀವು ಕೈಯಿಂದ ತುಂಬಿದಿರಿ, ಆ ಹಿರಿಯರು ನಿಮ್ಮಿಂದ ಮಾತು ಕೇಳಿ ತುಂಬಿದರು. ಬಡಿದಾಡುತ್ತಿರುವವರು ಇಬ್ಬರೂ ಸಂಬಳದವರೇ. ಎಂಬತ್ತು, ನೂರು ಮೀಟರ್ ಎತ್ತರದ ಕಂಬ ಹತ್ತುವವನಿಗೆ ಸುರಕ್ಷತಾ ಬೆಲ್ಟು ಎಷ್ಟು ಮುಖ್ಯವೋ ಕೆಳಗಿನವರ ದನಿಯೂ ಅಷ್ಟೇ ಮುಖ್ಯ. ಬೆಲ್ಟನ್ನು ಮನೆಯಿಂದ ತನ್ನಿ ಎಂದರೆ ಯಾರೂ ಒಪ್ಪುವುದಿಲ್ಲ. ವಾಕಿಟಾಕಿಗೆ ಯಾಕೆ ಒಪ್ಪಬೇಕು? 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಕೆಲಸದ ಜಾಗದ ಸುರಕ್ಷತೆಗಾಗಿ ಮಾಡಿದ ಯಾವುದೇ ಏರ್ಪಾಡಿನ ಖರ್ಚನ್ನು ಕೆಲಸಗಾರನ ಮೇಲೆ ಹೇರಬಾರದು ಎಂಬುದು ಅದರಲ್ಲಿ ಮಾಲೀಕರ ಕರ್ತವ್ಯಗಳಲ್ಲಿ ಒಂದು.

ಹಾಗಾಗಿ ಬಾಯಿಮಾತು ಸಾಕು, ಬರೆದು ಕೇಳಿ. ಸಿಟ್ಟಿನ ಮಾತು ಬೇಡ. ‘ಕಂಪನಿಯ ವಾಕಿಟಾಕಿ ಇಂಥ ದಿನದಿಂದ ಕೆಟ್ಟಿದೆ. ಮೇಲೆ ಹತ್ತಿದವರೊಂದಿಗೆ ಮಾತನಾಡಲು ಸಾಧನವಿಲ್ಲ. ಪರವಾನಗಿ ಇರುವ ಅಥವಾ ವಿನಾಯಿತಿ ಪಡೆದ ಸೆಟ್ಟು, ಎರಡು ಪಾಳಿಗೂ ಬೇರೆ ಬೇರೆ ಬ್ಯಾಟರಿ ಕೊಡಿಸಬೇಕು’ ಎಂದಿಷ್ಟು ಬರೆದರೆ ಸಾಕು. ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೂ ದಾಖಲೆ ಉಳಿಯುತ್ತದೆ. ಸೆಟ್ಟು ಬರುವವರೆಗೆ ಮೇಲೆ ಹತ್ತುವ ಕೆಲಸದ ಬಗ್ಗೆ ಗಟ್ಟಿಯಾಗಿರಿ. ಕಂಬದ ಉಕ್ಕಿನ ಕೊಳವೆಯೊಳಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಹಿಡಿಯುವುದಿಲ್ಲ, ಅದನ್ನೇ ನಂಬಿ ಒಬ್ಬನನ್ನು ಹತ್ತಿಸಬೇಡಿ. ಕೆಳಗಿನವನಿಗೂ ಮೇಲಿನವನಿಗೂ ಮಾತು ದಾಟುತ್ತದೆ ಎಂಬುದು ಖಾತ್ರಿಯಾಗದೆ ಯಾರೂ ಹತ್ತಬಾರದು. ಒಂದು ದಿನ ಫ್ಯಾನು ನಿಂತರೆ ಕಂಪನಿಗೆ ಆಗುವ ನಷ್ಟವನ್ನು ಆಮೇಲೆ ತುಂಬಿಕೊಳ್ಳಬಹುದು.

ಆ ಅರ್ಜಿಗೆ ಎರಡನೆಯ ಸಹಿ ಹಿರಿಯರದ್ದಿರಲಿ. ಮಾತು ಬಿಟ್ಟವರನ್ನು ಮೊದಲು ಮಾತನಾಡಿಸುವುದು ಸೋಲಲ್ಲ. ಎಲ್ಲರೆದುರು ಬೇಡ, ಪಾಳಿ ಬದಲಾಗುವ ಹೊತ್ತಿಗೆ ಚಹಾದಂಗಡಿಗೆ ಕರೆದೊಯ್ದು ನಿಮ್ಮ ಮಾತಿನಲ್ಲೇ ಹೇಳಿ: ‘ಅಣ್ಣಾ, ಈ ಸೆಟ್ಟು ನಮ್ಮಿಬ್ಬರ ನಡುವ ತ್ರಾಸ ತಂದೈತ್ರಿ. ನಾಳಿಂದ ನಾ ಅದನ್ನ ತರೂದಿಲ್ಲ. ಕಂಪನಿದ ಕೇಳೂಣು, ನೀವೂ ಸಹಿ ಮಾಡ್ರಿ.’ ಆಂಟೆನಾದ ದುಡ್ಡಿನ ಮಾತು ಆವತ್ತು ಎತ್ತಬೇಡಿ. ಕೈತಪ್ಪಿ ಬಿದ್ದ ವಸ್ತುವಿಗೆ ಹಿರಿಯರು ಕಿರಿಯನೆದುರು ಕ್ಷಮೆ ಕೇಳಲು ಸಂಕೋಚಪಟ್ಟು ಮೌನವಾಗಿರಬಹುದು. ಆ ಮೌನವನ್ನೇ ಅಹಂಕಾರ ಎಂದು ಓದಬೇಡಿ.

ಗಾಡಿ ಹಂಚಿಕೊಳ್ಳುವುದಂತೂ ತಪ್ಪುವುದಿಲ್ಲ, ಅದಕ್ಕೊಂದು ಕಟ್ಟುಪಾಡು ಮಾಡಿಕೊಳ್ಳಿ. ಒಂದು ಲಾಗ್ ಬುಕ್ ಗಾಡಿಯಲ್ಲೇ ಇರಲಿ. ಪಾಳಿ ಬದಲಾಗುವಾಗ ಕಿಲೋಮೀಟರ್, ಡೀಸೆಲ್, ಸ್ಟೆಪ್ನಿ, ಜಾಕು, ಬ್ಯಾಟರಿ, ಸೆಟ್ಟು, ಯಾವುದು ಸರಿ ಯಾವುದು ಕೆಟ್ಟಿದೆ ಎಂದು ಬರೆದು ಇಬ್ಬರೂ ಸಹಿ ಹಾಕಿ. ಎರಿ ನೆಲದ ದಾರಿಯಲ್ಲಿ ಮಳೆಗಾಲಕ್ಕೆ ಗಾಡಿ ಹುಗಿದಾಗ ಜಾಕು ಯಾರು ಕಳೆದರು ಎಂಬ ವಾದವೂ ಆಗ ಹುಟ್ಟುವುದಿಲ್ಲ. ಹೊಸ ಸೆಟ್ಟು ಬಂದ ಮೇಲೂ ಗಾಡಿ ಓಡಿಸುತ್ತಾ ಕೈಯಲ್ಲಿ ಹಿಡಿದು ಮಾತನಾಡಬೇಡಿ. ಚಾಲನೆ ಮಾಡುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದನ್ನು ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅಪಾಯಕಾರಿ ಚಾಲನೆ ಎಂದೇ ಎಣಿಸುತ್ತದೆ. ಆ ಮಾತು ಮೊಬೈಲಿಗಷ್ಟೇ ಸೀಮಿತವಲ್ಲ.

ರೇಡಿಯೊ ನಿಮಗೆ ನಿಜಕ್ಕೂ ಇಷ್ಟವಾಗಿದ್ದರೆ ಅದಕ್ಕೆ ನೇರ ದಾರಿಯಿದೆ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ಪರವಾನಗಿ ಪಡೆಯಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದಕ್ಕೆ ತರಬೇತಿ ಕೊಡುತ್ತದೆ. ಆದರೆ ಆ ಪರವಾನಗಿಯನ್ನು ಕಂಪನಿಯ ಕೆಲಸಕ್ಕೆ ಬಳಸುವಂತಿಲ್ಲ, ಅದು ಲಾಭಕ್ಕಲ್ಲದ ಹವ್ಯಾಸಕ್ಕೆ ಮಾತ್ರ. 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪದಲ್ಲಿ ದೂರವಾಣಿ ಸತ್ತಾಗ ಸುದ್ದಿ ಮುಟ್ಟಿಸಿದವರು ಈ ಹವ್ಯಾಸಿಗಳೇ. ಮಲಪ್ರಭೆ, ಬೆಣ್ಣಿಹಳ್ಳಗಳ ನೆರೆಯನ್ನು 2009ರಲ್ಲೂ 2019ರಲ್ಲೂ ಕಂಡ ನಿಮ್ಮ ಸೀಮೆಗೆ ಅಂಥವನೊಬ್ಬ ಇದ್ದರೆ ದೊಡ್ಡ ಬಲ.

ಸೆಟ್ಟು ಒಯ್ಯದಿದ್ದರೆ ಹುಡುಗನ ಗತಿಯೇನು ಎಂದು ಕೇಳಿದ್ದಿರಿ. ಅವನನ್ನು ಕಾಯಲು ನೀವು ಜೇಬಿನಿಂದ ಖರ್ಚು ಮಾಡಬೇಕಿಲ್ಲ, ಕಾಯ್ದೆಯನ್ನೂ ಮುರಿಯಬೇಕಿಲ್ಲ. ಸಾಧನ ಬರುವವರೆಗೆ ಅವನನ್ನು ಹತ್ತಿಸುವುದಿಲ್ಲ ಎಂದು ಇಬ್ಬರೂ ಕೂಡಿ ಹೇಳಿ. ಒಬ್ಬರು ಹೇಳಿದರೆ ತಳ್ಳಿಹಾಕುವ ಮಾತನ್ನು ಎರಡು ಪಾಳಿಯವರು ಒಟ್ಟಾಗಿ ಹೇಳಿದಾಗ ತಳ್ಳಿಹಾಕುವುದು ಸುಲಭವಲ್ಲ.