ಬೆಳದಿಂಗಳ ಪಂಕ್ತಿ

ಜಾತಿಭೇದವು ನಮ್ಮ ಸಮಾಜದಲ್ಲಿ ಎರಡು ಎಡೆಗಳಲ್ಲಿ ಆಳವಾಗಿ ಬೇರೂರಿದೆ. ಒಂದು ಊಟದ ಪಂಕ್ತಿ. ಇನ್ನೊಂದು ಮದುವೆಯ ಚಪ್ಪರ. ಸಭೆಗಳಲ್ಲಿ ಸಮಾನತೆಯನ್ನು ಕುರಿತು ಗಂಟೆಗಟ್ಟಲೆ ಮಾತನಾಡುವವರೂ ಈ ಎರಡು ಸ್ಥಳಗಳಿಗೆ ಬಂದಾಗ ಹಿಂಜರಿಯುವುದುಂಟು. ಹಾಗೆ ಹಿಂಜರಿಯದೆ, ಆಡಿದ ಮಾತನ್ನು ಮೊದಲು ತಮ್ಮ ಮನೆಯಲ್ಲಿಯೇ ನಡೆಸಿ ತೋರಿಸಿದ ಕುಟುಂಬವೊಂದು ನೆರೆಯ ಆಂಧ್ರದಲ್ಲಿ ಬಾಳಿತು. ಅದು ‘ಗೋರಾ’ ಎಂದು ಪ್ರಸಿದ್ಧರಾದ ಗೋಪರಾಜು ರಾಮಚಂದ್ರ ರಾವ್ ಮತ್ತು ಅವರ ಪತ್ನಿ ಸರಸ್ವತಿ ಗೋರಾ ಅವರ ಕುಟುಂಬ.

1902ರಲ್ಲಿ ಸಂಪ್ರದಾಯಸ್ಥ ಬ್ರಾಹ್ಮಣ ಮನೆತನದಲ್ಲಿ ಜನಿಸಿದ ಗೋರಾ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದರು. ಮೇಲುಕೀಳುಗಳನ್ನು ದೈವಸಂಕಲ್ಪವೆಂದು ಜನರು ನಂಬಿರುವವರೆಗೆ ಅವುಗಳನ್ನು ಅಳಿಸಲು ಯಾರೂ ಮುಂದಾಗಲಾರರು. ಮನುಷ್ಯನು ಕಟ್ಟಿದ ಗೋಡೆಯನ್ನು ಮನುಷ್ಯನೇ ಕೆಡವಬೇಕು ಎಂಬುದು ಅವರ ವಿಚಾರವಾಗಿತ್ತು. ಈ ನಿರೀಶ್ವರವಾದವನ್ನು ಅವರು ಮುಚ್ಚಿಡಲಿಲ್ಲ. ಜನಿವಾರವನ್ನು ತ್ಯಜಿಸಿದುದಕ್ಕಾಗಿ ಅವರು ಹುಟ್ಟಿದ ಮನೆಯನ್ನು ಬಿಡಬೇಕಾಯಿತು. ತಮ್ಮ ಅಭಿಪ್ರಾಯಗಳ ಕಾರಣದಿಂದ 1933ರಲ್ಲಿ ಕಾಕಿನಾಡದ ಕಾಲೇಜಿನ ಉದ್ಯೋಗವನ್ನೂ ಕಳೆದುಕೊಂಡರು. ಆಗಲೂ ಸರಸ್ವತಿಯವರು ಪತಿಯ ಮಾರ್ಗದಿಂದ ಕದಲಲಿಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿಯೂ ಪಾಲ್ಗೊಂಡು ಸೆರೆಮನೆಯನ್ನು ಕಂಡರು. ದಂಪತಿಗಳು ಮಕ್ಕಳಿಗಿಟ್ಟ ಹೆಸರುಗಳಲ್ಲಿಯೂ ಆ ಕಾಲದ ಚರಿತ್ರೆ ಅಚ್ಚೊತ್ತಿದೆ. ಉಪ್ಪಿನ ಸತ್ಯಾಗ್ರಹದ 1930ರಲ್ಲಿ ಹುಟ್ಟಿದ ಮಗನು ‘ಲವಣಂ’. ಮಹಾಯುದ್ಧ ತೊಡಗಿದ 1939ರಲ್ಲಿ ಹುಟ್ಟಿದವನು ‘ಸಮರಂ’.

1940ರಲ್ಲಿ ಕುಟುಂಬವು ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಗೆ ಬಂದು ನೆಲೆಸಿತು. ಅಲ್ಲಿಯೇ ‘ನಾಸ್ತಿಕ ಕೇಂದ್ರ’ ಎಂಬ ಸಂಸ್ಥೆ ಸ್ಥಾಪನೆಯಾಯಿತು. 1947ರಲ್ಲಿ ಅದು ವಿಜಯವಾಡಕ್ಕೆ ವರ್ಗಾವಣೆಯಾಯಿತು. ಹಳ್ಳಿಯಲ್ಲಿ ಅವರು ವಯಸ್ಕರಿಗೆ ಅಕ್ಷರ ಕಲಿಸಿದರು. ಅಸ್ಪೃಶ್ಯತೆಯ ವಿರುದ್ಧ ದುಡಿದರು. ಹುಣ್ಣಿಮೆಯ ರಾತ್ರಿಗಳಲ್ಲಿ ಸಹಪಂಕ್ತಿ ಭೋಜನವನ್ನು ಏರ್ಪಡಿಸಿದರು. ಎಲ್ಲ ಜಾತಿಯವರೂ ಬೆಳದಿಂಗಳಿನಲ್ಲಿ ಒಂದೇ ಸಾಲಿನಲ್ಲಿ ಕುಳಿತು ಉಂಡರು. ಇಂದು ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಆದರೆ ಬಾವಿಯ ನೀರಿಗೂ ಮಡಿಮೈಲಿಗೆಯಿದ್ದ ಕಾಲದಲ್ಲಿ, ಆ ಸಾಲಿನಲ್ಲಿ ಕುಳಿತವನು ಮರುದಿನ ತನ್ನ ಬಂಧುಗಳಿಗೆ ಉತ್ತರ ಹೇಳಬೇಕಾಗುತ್ತಿತ್ತು.

1944ರಲ್ಲಿ ಗೋರಾ ಸೇವಾಗ್ರಾಮದಲ್ಲಿ ಗಾಂಧೀಜಿಯವರನ್ನು ಕಂಡರು. ಒಬ್ಬರು ಪರಮ ಆಸ್ತಿಕರು, ಮತ್ತೊಬ್ಬರು ನಾಸ್ತಿಕರು. ದೇವರ ವಿಷಯದಲ್ಲಿ ಅವರಲ್ಲಿ ಕೊನೆಯವರೆಗೂ ಒಮ್ಮತ ಮೂಡಲಿಲ್ಲ. ಆದರೂ ಅಸ್ಪೃಶ್ಯತೆ ಅಳಿಯಬೇಕೆಂಬಲ್ಲಿ ಭೇದವಿರಲಿಲ್ಲ. ಗೋರಾ ತಮ್ಮ ಹಿರಿಯ ಮಗಳು ಮನೋರಮಾಳನ್ನು ಅಸ್ಪೃಶ್ಯರೆನಿಸಿದ್ದ ಸಮುದಾಯದ ಅರ್ಜುನ ರಾವ್ ಎಂಬ ಯುವಕನಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ, ವಿವಾಹವನ್ನು ಆಶ್ರಮದಲ್ಲಿ ತಾವೇ ನಡೆಸಿಕೊಡುವುದಾಗಿ ಗಾಂಧೀಜಿ ಒಪ್ಪಿದರು. ಗೋರಾ ಅವರ ಮನಸ್ಸನ್ನರಿತು, ವಿವಾಹವಿಧಿಯಲ್ಲಿ ದೇವರೆಂಬ ಪದದ ಬದಲು ಸತ್ಯವೆಂಬ ಪದವನ್ನು ಬಳಸಲೂ ಸಮ್ಮತಿಸಿದರು. ಆದರೆ 1948ರ ಜನವರಿ 30ರಂದು ಗಾಂಧೀಜಿ ಹತರಾದರು. ಅವರಿಲ್ಲದ ಸೇವಾಗ್ರಾಮದಲ್ಲಿಯೇ ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಆ ಮದುವೆ ನೆರವೇರಿತು. 1960ರಲ್ಲಿ ಲವಣಂ ಅವರು ಹೇಮಲತಾ ಅವರನ್ನು ವರಿಸಿದರು. ಅಸ್ಪೃಶ್ಯತೆಯ ನೋವನ್ನು ಸ್ವತಃ ಉಂಡು ಕಾವ್ಯ ರಚಿಸಿದ ತೆಲುಗು ಕವಿ ಗುರ್ರಂ ಜಾಷುವಾ ಅವರ ಮಗಳು ಈಕೆ.

ಮನೆಯಲ್ಲಿ ಹೊತ್ತಿಸಿದ ದೀಪದ ಬೆಳಕು ಬೀದಿಗೂ ಹರಿಯಿತು. ಬ್ರಿಟಿಷರು 1871ರ ಕಾಯಿದೆಯಿಂದ ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿದ್ದರು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು. ಆದರೂ ಅಂಥವರಿಗಾಗಿ ನಿರ್ಮಿಸಿದ್ದ ಸ್ಟೂವರ್ಟ್‌ಪುರಂ ಎಂಬ ವಸತಿಯ ಜನರಿಗೆ ಕಳಂಕ ತಪ್ಪಲಿಲ್ಲ. 1970ರ ದಶಕದಲ್ಲಿ ಲವಣಂ ಮತ್ತು ಹೇಮಲತಾ ಅಲ್ಲಿಗೆ ಹೋಗಿ, ಕಳವನ್ನು ಬಿಟ್ಟು ಗೌರವದ ಜೀವನ ನಡೆಸುವಂತೆ ಜನರ ಮನವೊಲಿಸಿದರು. ಅವರ ಮಕ್ಕಳ ವಿದ್ಯಾಭ್ಯಾಸಕ್ಕೂ ದುಡಿದರು. ಮುಂದೆ ಹೇಮಲತಾ ಅವರು ಇಂದು ತೆಲಂಗಾಣಕ್ಕೆ ಸೇರಿರುವ ನಿಜಾಮಾಬಾದ್ ಸೀಮೆಯ ಜೋಗಿನಿಯರ ನಡುವೆ ಸೇವೆ ಸಲ್ಲಿಸಿದರು. ಬಡ ದಲಿತ ಬಾಲಕಿಯರನ್ನು ದೇವರಿಗೆ ಬಿಡುವ ಈ ಕ್ರೂರ ಪದ್ಧತಿಯನ್ನು ಕನ್ನಡ ನಾಡು ದೇವದಾಸಿ ಎಂಬ ಹೆಸರಿನಿಂದ ಬಲ್ಲದು. ಕರ್ನಾಟಕವು 1982ರ ಕಾಯಿದೆಯಿಂದಲೂ, ಆಂಧ್ರಪ್ರದೇಶವು 1988ರ ಕಾಯಿದೆಯಿಂದಲೂ ಅದನ್ನು ನಿಷೇಧಿಸಿದವು.

ಗೋರಾ 1975ರಲ್ಲಿ, ಸರಸ್ವತಿಯವರು 2006ರಲ್ಲಿ ತೀರಿಕೊಂಡರು. ಕಾಯಿದೆಯು ತಪ್ಪಿಗೆ ದಂಡನೆ ವಿಧಿಸಬಲ್ಲದು; ಪಕ್ಕದಲ್ಲಿ ಕುಳಿತವನನ್ನು ತನ್ನವನೆಂದು ಬಗೆಯುವ ಮನಸ್ಸನ್ನು ಅದು ಕೊಡಲಾರದು. ಅವರ ವಾದವನ್ನು ಒಪ್ಪದ ಆಸ್ತಿಕರೂ ಅವರ ನಡತೆಯನ್ನು ಗೌರವಿಸಿದರು. ಶಾಲೆಯ ಬಿಸಿಯೂಟದ ಸಾಲಿನಲ್ಲಿ ಮಕ್ಕಳು ಪಕ್ಕದವರ ಜಾತಿಯನ್ನು ಕೇಳದೆ ತಟ್ಟೆಯಿಟ್ಟು ಕುಳಿತಾಗ, ಮುದುನೂರಿನಲ್ಲಿ ತೊಡಗಿದ ಆ ಕಾರ್ಯವು ಒಂದು ಹೆಜ್ಜೆ ಮುಂದುವರಿಯುತ್ತದೆ.